ಬೈಗುಳವಿಲ್ಲದ ಅಸ್ಪೃಶ್ಯತೆ: ಕಲಬುರಗಿಯ ಊರುಗಳಲ್ಲಿ ಅದನ್ನು ಕಾಗದಕ್ಕೆ ತಂದು ಎದುರಿಸುವುದು ಹೇಗೆ

ಹೋಟೆಲಿನಲ್ಲಿ ಎರಡು ಥರದ ಲೋಟ ಇಟ್ಟರೆ ಕೇಸಾಗುತ್ತದೆ ಎಂಬುದು ಈಗ ಕಲಬುರಗಿ ಜಿಲ್ಲೆಯ ಸಣ್ಣ ಊರಿನವರಿಗೂ ಗೊತ್ತು. ಹಾಗಾಗಿ ಬಹಳ ಕಡೆ ಲೋಟವೇ ಹೋಗಿ ಪೇಪರ್ ಕಪ್ ಬಂದಿದೆ. ಆದರೆ ನೀರಿನ ಟಾಕಿಯಿಂದ ಹೊರಟ ಪೈಪು ಮೊದಲು ಯಾವ ಓಣಿಗೆ ಹೋಗುತ್ತದೆ? ಅಂಗನವಾಡಿ ಯಾರ ಓಣಿಯಲ್ಲಿದೆ? ಹೆಣ ಹೊರುವ ದಾರಿ ಯಾರ ಹೊಲದ ಬದುವಿನ ಮೇಲಿದೆ? ಬಿಸಿಯೂಟಕ್ಕೆ ಯಾರು ಅಡುಗೆಯವರಾದರೆ ಮಕ್ಕಳು ಮನೆಯಿಂದ ಡಬ್ಬಿ ತರಲು ಶುರು ಮಾಡುತ್ತಾರೆ? ಈ ಯಾವ ವಿಷಯದಲ್ಲೂ ಯಾರೂ ಯಾರನ್ನೂ ಜಾತಿ ಹಿಡಿದು ಬೈದಿರುವುದಿಲ್ಲ. ಕೇಳಿದರೆ ‘ಮೊದ್ಲಿಂದ ಹಿಂಗೇ ಅದ’ ಎನ್ನುತ್ತಾರೆ.

ಬೈದವನ ಮೇಲೆ ದೂರು ಕೊಡುವ ದಾರಿ ಜನರಿಗೆ ಅಷ್ಟಿಷ್ಟು ಗೊತ್ತಿದೆ. ಯಾರೂ ಬೈಯದೆಯೇ ಕಚೇರಿ, ಸಾಲಿ (ಶಾಲೆ), ಪಂಚಾಯತಿಗಳ ದಿನನಿತ್ಯದ ರೂಢಿಯಲ್ಲೇ ನಡೆದುಹೋಗುವ ಜಾತಿಭೇದದ ವಿರುದ್ಧ ಏನು ಮಾಡಬೇಕು ಎನ್ನುವುದು ಅಷ್ಟಾಗಿ ಗೊತ್ತಿಲ್ಲ. ಬೇರೆ ದೇಶಗಳಲ್ಲಿ ಜನಾಂಗಭೇದ ಸಂಸ್ಥೆಗಳ ಒಳಗೇ ಬೇರೂರಿದೆ ಎಂದು ಹೇಳುವಾಗ ಅವರು ಹೇಳುತ್ತಿರುವುದೂ ಇದನ್ನೇ. ವಿಶ್ವಸಂಸ್ಥೆಯ ಜನಾಂಗಭೇದ ನಿರ್ಮೂಲನಾ ಸಮಿತಿ 2002ರಲ್ಲಿ ಹುಟ್ಟಿನಿಂದ ಬರುವ ತಾರತಮ್ಯಗಳ ಸಾಲಿಗೆ ಜಾತಿಯನ್ನೂ ಸೇರಿಸಿತು. ಊರಿನ ರೂಢಿಯಾಗಿ ಕುಳಿತ ಭೇದವನ್ನು ಕಚೇರಿಯ ದಾಖಲೆಯಲ್ಲಿ ಬರೆಸಿದಾಗಲೇ ಅದು ಅಲುಗಾಡುತ್ತದೆ, ಹಾಗೆ ಬರೆಸುವ ಕೆಲಸವನ್ನು ಒಬ್ಬರ ತಲೆಯ ಮೇಲೆ ಹೊರಿಸಬಾರದು. ಇದು ನನ್ನ ಗಟ್ಟಿ ನಂಬಿಕೆ. ಕೆಳಗೆ ಹೇಳುವುದೆಲ್ಲ ಈ ನಂಬಿಕೆಯ ಮೇಲೆಯೇ ನಿಂತಿದೆ.

ಒಂದೇ ವಿಷಯ ಹಿಡಿಯಿರಿ

ಗುಡಿ, ಬಾವಿ, ಹೋಟೆಲು, ಸ್ಮಶಾನ, ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಬರೆದು ಕೊಟ್ಟರೆ ಅದು ಯಾರ ಟೇಬಲ್ಲಿಗೂ ಸೇರುವುದಿಲ್ಲ. ಸರ್ಕಾರಿ ದುಡ್ಡು ಖರ್ಚಾಗಿರುವ, ಅಳೆದು ತೋರಿಸಬಹುದಾದ ಒಂದು ವಿಷಯ ಆರಿಸಿಕೊಳ್ಳಿ. ಗುಡಿ ಪ್ರವೇಶ ದೊಡ್ಡ ಹಕ್ಕು, ನಿಜ. ಆದರೆ ಮೊದಲ ಹೆಜ್ಜೆ ಅಲ್ಲಿಂದಲೇ ಇಟ್ಟರೆ ಊರು ಒಂದೇ ರಾತ್ರಿಯಲ್ಲಿ ಎರಡಾಗುತ್ತದೆ, ನಿಮ್ಮ ಕಡೆ ನಿಲ್ಲಬಹುದಾದವರೂ ಸರಿದುಬಿಡುತ್ತಾರೆ. ನೀರು, ಸ್ಮಶಾನದ ದಾರಿ, ಬೀದಿ ದೀಪ, ಚರಂಡಿ, ಅಂಗನವಾಡಿ: ಇವುಗಳಿಂದ ಶುರು ಮಾಡಿ. ಇಲ್ಲಿ ಪಂಚಾಯತಿಗೆ ಸಂಪ್ರದಾಯದ ನೆಪ ಹೇಳಲು ಬರುವುದಿಲ್ಲ.

ನೀರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಸೇಡಂ, ಚಿತ್ತಾಪುರ, ಜೇವರ್ಗಿ ಕಡೆಯ ಊರುಗಳಲ್ಲಿ ಬೇಸಿಗೆ ಅಂದರೆ ಏನೆಂದು ಬೇರೆ ಹೇಳಬೇಕಿಲ್ಲ. ಟಾಕಿ ಊರ ಮೇಲಿನ ಓಣಿಯಲ್ಲಿರುತ್ತದೆ, ದಲಿತರ ಓಣಿ ಪೈಪಿನ ಕೊನೆಗಿರುತ್ತದೆ. ನೀರು ಬಿಡುವವನು ಬೆಳಿಗ್ಗೆ ವಾಲ್ವ್ ತಿರುಗಿಸುತ್ತಾನೆ, ಮೇಲಿನ ಮನೆಗಳ ಸಂಪು ತುಂಬುವತನಕ ಕೆಳಗೆ ಒತ್ತಡವೇ ಬರುವುದಿಲ್ಲ. ನಳಕ್ಕೆ ಮೋಟಾರು ಹಚ್ಚಿದ ಮನೆಗಳಿದ್ದರೆ ಕೊನೆಯ ಓಣಿಗೆ ಬರುವುದು ಗಾಳಿಯೇ. ನೀರು ಬಿಡುವವನ ಮನಸ್ಸಿನಲ್ಲಿ ದ್ವೇಷ ಇರಲೇಬೇಕೆಂದಿಲ್ಲ, ವಾಲ್ವ್ ಇರುವ ಜಾಗವೇ ಅವನ ಪರವಾಗಿ ನಿರ್ಧಾರ ಮಾಡಿಬಿಟ್ಟಿರುತ್ತದೆ. ಆ ವಾಲ್ವನ್ನು ಅಲ್ಲಿ ಕೂಡಿಸಲು ಯಾರೋ ಒಬ್ಬರು ನಕ್ಷೆ ಹಾಕಿದ್ದಾರೆ, ಯಾರೋ ಸಹಿ ಮಾಡಿದ್ದಾರೆ. ನಾವು ಹುಡುಕಬೇಕಾದದ್ದು ಆ ಸಹಿಯನ್ನು.

ನೀರಿನ ವಹಿ

ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ. ಸಾಲಿಗೆ ಹೋಗುವ ಹುಡುಗಿಯೊಬ್ಬಳು ಬರೆದರೆ ಇನ್ನೂ ಒಳ್ಳೆಯದು, ಅಕ್ಷರ ಶುದ್ಧವಾಗಿರುತ್ತದೆ. ದಿನಾಂಕ, ನಮ್ಮ ಓಣಿಗೆ ನೀರು ಬಂದ ಹೊತ್ತು, ನಿಂತ ಹೊತ್ತು, ತುಂಬಿದ ಕೊಡ ಎಷ್ಟು, ಅದೇ ದಿನ ಮೇಲಿನ ಓಣಿಗೆ ಎಷ್ಟು ಹೊತ್ತು ಬಂತು. ಕೊನೆಗೆ ಇಬ್ಬರ ಸಹಿ ಅಥವಾ ಹೆಬ್ಬೆಟ್ಟು. ಒಂದು ತಿಂಗಳು ಬಿಡದೆ ಬರೆಯಿರಿ. 2019ರಲ್ಲಿ ಶುರುವಾದ ಜಲಜೀವನ ಮಿಷನ್‌ನ ಗುರಿ ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್. ನಿಮ್ಮ ಕೊಡದ ಅಳತೆ ಲೀಟರಿನಲ್ಲಿ ಎಷ್ಟೆಂದು ಒಮ್ಮೆ ನೋಡಿಟ್ಟುಕೊಂಡರೆ, ಮನೆಯ ತಲೆಗಳಿಂದ ಭಾಗಿಸಿ ತಲಾ ಎಷ್ಟು ಸಿಕ್ಕಿತೆಂದು ಹೇಳಬಹುದು. ‘ನಮಗ ನೀರು ಬರಲ್ಲ ಸಾಹೇಬ್ರ’ ಎಂದು ಹೇಳಿದರೆ ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ‘ನೋಡ್ತೀನಿ ಹೋಗ್ರಿ’ ಎನ್ನುತ್ತಾರೆ. ತಿಂಗಳ ವಹಿಯ ಝೆರಾಕ್ಸ್ ಮುಂದಿಟ್ಟರೆ ಅಷ್ಟು ಸಲೀಸಾಗಿ ಹಾಗೆನ್ನಲು ಆಗುವುದಿಲ್ಲ.

ಫೋಟೊ, ವಿಡಿಯೊ ತೆಗೆದರೆ ಆ ಫೋನಿನಿಂದ ಅಳಿಸಬೇಡಿ. ವಾಟ್ಸಾಪಿನಲ್ಲಿ ದಾಟಿಸಿದ ಪ್ರತಿಗಿಂತ ಮೂಲ ಫೋನಿನಲ್ಲಿರುವುದಕ್ಕೆ ಬೆಲೆ ಹೆಚ್ಚು. ಮುಂದೆ ಕೋರ್ಟಿನವರೆಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಅದಕ್ಕೊಂದು ಪ್ರಮಾಣಪತ್ರವನ್ನೂ ಕೊಡಬೇಕಾಗುತ್ತದೆ.

ಅರ್ಜಿಗೆ ಮೊದಲು ಕೂಲಿಯ ಲೆಕ್ಕ

ಇಷ್ಟಾದ ಮೇಲೆ ನೇರ ಅರ್ಜಿ ಬರೆಯಲು ಕೂರಬೇಡಿ. ಬಹಳಷ್ಟು ಪ್ರಯತ್ನಗಳು ಮುಗ್ಗರಿಸುವುದು ಇಲ್ಲೇ. ಕಾನೂನು ಗೊತ್ತಿಲ್ಲದೆ ಯಾರೂ ಸುಮ್ಮನಿರುವುದಿಲ್ಲ, ಬಾಯಿ ತೆಗೆದರೆ ನಾಳೆಯ ಕೂಲಿ ಹೋಗುತ್ತದೆಂದು ಸುಮ್ಮನಿರುತ್ತಾರೆ. ತೊಗರಿ ಕೊಯ್ಲು ಯಾರ ಹೊಲದಲ್ಲಿ, ಲಾವಣಿಗೆ (ಗುತ್ತಿಗೆಗೆ) ಹಾಕಿಕೊಂಡ ಹೊಲ ಯಾರದು, ಮಗಳ ಮದುವೆಗೆ ಸಾಲ ಕೊಟ್ಟವರು ಯಾರು, ಕಿರಾಣಿ ಅಂಗಡಿಯ ಉದ್ರಿ ಎಷ್ಟಿದೆ? ಓಣಿಯವರೆಲ್ಲ ಒಂದು ರಾತ್ರಿ ಕೂತು ಇದನ್ನು ಬಿಚ್ಚಿ ಮಾತಾಡಬೇಕು, ಹೆಂಗಸರ ಎದುರಿನಲ್ಲೇ ಮಾತಾಡಬೇಕು, ಯಾಕೆಂದರೆ ಉದ್ರಿಯ ನಿಜವಾದ ಲೆಕ್ಕ ಅವರ ಬಳಿ ಇರುತ್ತದೆ.

ಅಂದು ರಾತ್ರಿ ಕೆಲವು ಮಾತು ಗಟ್ಟಿ ಮಾಡಿಕೊಳ್ಳಿ. ಸಾಲದ ಹಂಗು ಹೆಚ್ಚಿರುವವರ ಹೆಸರು ಅರ್ಜಿಯಲ್ಲಿ ಮೊದಲಿಗೆ ಬರಬಾರದು. ಹೊರಗೆ ದುಡಿಯುವವರು, ಪಿಂಚಣಿ ಬರುವವರು, ಪುಣೆ ಮುಂಬೈಗೆ ಹೋಗಿ ಬಂದು ಕೈಯಲ್ಲಿ ನಾಲ್ಕು ಕಾಸು ಇಟ್ಟುಕೊಂಡವರು ಮುಂದೆ ನಿಲ್ಲಲಿ. ಕೊಯ್ಲಿನ ಕೂಲಿ ಕೈಗೆ ಬರುವ ಮುನ್ನ ಜಗಳ ಎತ್ತಬೇಡಿ. ತೊಗರಿ ರಾಶಿ ಮುಗಿದು, ಬೇಸಿಗೆಯ ನೀರಿನ ತೊಂದರೆ ಶುರುವಾಗುವ ಹೊತ್ತು ಸರಿಯಾದದ್ದು. ಅದಕ್ಕೂ ಮುಂಚೆ ಎಲ್ಲ ಮನೆಯವರೂ ಉದ್ಯೋಗ ಖಾತ್ರಿ ಕೆಲಸಕ್ಕೆ ಬರಹದಲ್ಲಿ ಅರ್ಜಿ ಕೊಟ್ಟು, ದಿನಾಂಕ ಹಾಕಿದ ಸ್ವೀಕೃತಿ ಇಟ್ಟುಕೊಳ್ಳಲಿ. ಹೊಲದ ಕೆಲಸ ನಿಂತರೆ ಬೇಡಿಕೆ ಇಡಲು ಕೈಯಲ್ಲಿ ಒಂದು ಕಾಗದ ಇರುತ್ತದೆ. ನಾಡ ಕಚೇರಿಯಿಂದ ಜಾತಿ ಪ್ರಮಾಣಪತ್ರ ಎಲ್ಲರೂ ಈಗಲೇ ತೆಗೆಸಿಡಿ. ದೌರ್ಜನ್ಯದ ಕೇಸಾದರೆ ಠಾಣೆಯಲ್ಲೂ ಪರಿಹಾರದ ಕಡತದಲ್ಲೂ ಮೊದಲು ಕೇಳುವುದು ಅದನ್ನೇ.

ಬಹಿಷ್ಕಾರ ಬರುವುದೂ ಸದ್ದಿಲ್ಲದೆ. ಗಿರಣಿಯಲ್ಲಿ ‘ಕರೆಂಟ್ ಇಲ್ಲ’ ಎನ್ನುತ್ತಾರೆ, ಟಂಟಂ ಆಟೋದವನು ಕೈ ತೋರಿಸಿದರೂ ನಿಲ್ಲಿಸುವುದಿಲ್ಲ, ಕಿರಾಣಿ ಅಂಗಡಿಯವನು ‘ಮಾಲು ಖಾಲಿ’ ಎನ್ನುತ್ತಾನೆ. ಒಂದು ಸಲ ಹೀಗಾದರೆ ಅನುಮಾನ, ಒಂದೇ ದಿನ ಮೂರು ಕಡೆ ಆದರೆ ಅದು ಬಹಿಷ್ಕಾರ. ಯಾವಾಗಲೂ ಇಬ್ಬಿಬ್ಬರು ಹೋಗಿ, ಯಾರು, ಎಷ್ಟು ಹೊತ್ತಿಗೆ, ಏನು ಹೇಳಿದರು ಎಂಬುದನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾಗಿ, 2016ರ ಜನವರಿ 26ರಿಂದ ಸಾಮಾಜಿಕ ಮತ್ತು ಆರ್ಥಿಕ ಬಹಿಷ್ಕಾರ ಬೇರೆಯೇ ಅಪರಾಧವಾಗಿದೆ. ಸ್ಮಶಾನ, ನೀರಿನ ಮೂಲ, ದಾರಿಯಂಥ ಸಾರ್ವಜನಿಕ ಸ್ವತ್ತನ್ನು ಬಳಸದಂತೆ ತಡೆಯುವುದೂ ಅದೇ ತಿದ್ದುಪಡಿಯಲ್ಲಿ ಸ್ಪಷ್ಟವಾಗಿ ಬಂದಿದೆ.

ಅರ್ಜಿ, ಸ್ವೀಕೃತಿ, ಮಾಹಿತಿ ಹಕ್ಕು

ಈಗ ಅರ್ಜಿ. ಗ್ರಾಮ ಪಂಚಾಯತಿಗೆ ಒಂದು, ತಾಲ್ಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಒಂದು ಪ್ರತಿ. ಸ್ಮಶಾನದ ವಿಷಯವಾದರೆ ತಹಶೀಲ್ದಾರರಿಗೆ. ಅದಕ್ಕೆ ಮುಂಚೆ ಆ ಸರ್ವೆ ನಂಬರಿನ ಪಹಣಿ ತೆಗೆಸಿ ಜಮೀನು ಯಾರ ಹೆಸರಿನಲ್ಲಿದೆ ನೋಡಿಕೊಳ್ಳಿ. ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ಆವಕ ಸಂಖ್ಯೆ ಬೀಳದ ಹೊರತು ಕಚೇರಿಯಿಂದ ಎದ್ದು ಬರಬೇಡಿ. ಸೀಲು ಸಿಗಲಿಲ್ಲವೆಂದರೆ ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಹಚ್ಚಿಡಿ.

ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, ಬಿಪಿಎಲ್ ಕಾರ್ಡಿನವರಿಗೆ ಅದೂ ಬೇಡ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು. ಇದು ಗೊತ್ತಿಲ್ಲದೆ ಉದ್ದುದ್ದ ಬರೆದ ಅರ್ಜಿಗಳು ವಾಪಸಾಗುತ್ತವೆ. ‘ಯಾಕೆ ನಮ್ಮ ಓಣಿಗೆ ಅನ್ಯಾಯ ಮಾಡಿದ್ದೀರಿ’ ಎಂದು ಕೇಳಿದರೆ ಅದು ಮಾಹಿತಿ ಅಲ್ಲ ಎಂಬ ಉತ್ತರ ಬರುತ್ತದೆ. ಹೀಗೆ ಕೇಳಿ: ‘ನಮ್ಮ ಗ್ರಾಮದ ಕುಡಿಯುವ ನೀರಿನ ಪೈಪ್‌ಲೈನ್ ಕಾಮಗಾರಿಯ ಅಂದಾಜು ಪಟ್ಟಿ, ನಕ್ಷೆ ಮತ್ತು ಅಳತೆ ಪುಸ್ತಕದ ದೃಢೀಕೃತ ನಕಲು ಒದಗಿಸಿ.’ ಅಳತೆ ಪುಸ್ತಕದಲ್ಲಿ ನಿಮ್ಮ ಓಣಿಗೆ ಇಷ್ಟು ಮೀಟರ್ ಪೈಪು ಹಾಕಲಾಗಿದೆ ಎಂದು ಬರೆದಿದ್ದು, ನೆಲದಲ್ಲಿ ಅದು ಇಲ್ಲದಿದ್ದರೆ ನಿಮ್ಮ ಕೈಗೆ ಜಾತಿಭೇದದ ಜೊತೆ ಹಣ ನುಂಗಿದ ದಾಖಲೆಯೂ ಬಂದಂತಾಯಿತು. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಆಯೋಗದ ಪೀಠ ಕಲಬುರಗಿಯಲ್ಲೇ ಇರುವುದರಿಂದ ಬೆಂಗಳೂರಿಗೆ ಅಲೆಯಬೇಕಿಲ್ಲ.

ಗ್ರಾಮಸಭೆಯ ನಡಾವಳಿ

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು, ಅದಕ್ಕೂ ಮುಂಚೆ ವಾರ್ಡ್ ಸಭೆ. ಬಹಳ ಊರುಗಳಲ್ಲಿ ಹಾಜರಿ ಪುಸ್ತಕ ಮನೆಮನೆಗೆ ಬಂದು ಸಹಿ ತೆಗೆದುಕೊಂಡು ಹೋಗುತ್ತದೆ, ಸಭೆಯ ನಡಾವಳಿಯನ್ನು ಆಮೇಲೆ ಕಚೇರಿಯಲ್ಲಿ ಕೂತು ಬರೆಯುತ್ತಾರೆ. ಖಾಲಿ ಪುಟಕ್ಕೆ ಸಹಿ ಹಾಕಬೇಡಿ, ಹೆಬ್ಬೆಟ್ಟಂತೂ ಒತ್ತಲೇಬೇಡಿ. ನಿಮ್ಮ ಬೇಡಿಕೆಯನ್ನು ಎರಡು ಸಾಲಿನಲ್ಲಿ ಬರೆದುಕೊಂಡು ಹೋಗಿ ಓದಿ ಹೇಳಿ: ‘ವಾಲ್ವನ್ನು ಇಂಥ ಜಾಗಕ್ಕೆ ಬದಲಿಸಿ, ನಮ್ಮ ಓಣಿಗೆ ದಿನಬಿಟ್ಟು ದಿನ ಮೊದಲು ನೀರು ಬಿಡಬೇಕೆಂದು ನಿರ್ಣಯವಾಗಬೇಕು.’ ಪರಿಶಿಷ್ಟರಿಗೆ ಮೀಸಲಿಟ್ಟ ಅನುದಾನ ಈ ವರ್ಷ ಯಾವ ಕೆಲಸಕ್ಕೆ ಹೋಯಿತೆಂದೂ ಅದೇ ಸಭೆಯಲ್ಲಿ ಕೇಳಿ. ಸಭೆ ಮುಗಿಯುವ ಮುನ್ನ ನಡಾವಳಿಯನ್ನು ಓದಿಸಿ, ಪುಟದ ಫೋಟೊ ತೆಗೆದುಕೊಳ್ಳಿ.

ಅಧ್ಯಕ್ಷೆಯೇ ದಲಿತ ಹೆಣ್ಣುಮಗಳಾಗಿದ್ದರೆ ಅವರ ಮೇಲೆ ಸಿಟ್ಟಾಗುವ ಮುಂಚೆ ಒಂದು ಸಲ ಕಚೇರಿಗೆ ಹೋಗಿ ನೋಡಿ, ಕುರ್ಚಿಯಲ್ಲಿ ಯಾರು ಕೂತಿದ್ದಾರೆ, ಚೆಕ್ ಬುಕ್ ಯಾರ ಕೈಯಲ್ಲಿದೆ ಎಂದು. ಪಂಚಾಯತಿ ಹುದ್ದೆಯಲ್ಲಿರುವ ಪರಿಶಿಷ್ಟರನ್ನು ಬೆದರಿಸಿ ಕೆಲಸ ಮಾಡದಂತೆ ತಡೆಯುವುದು ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಆ ಅಧ್ಯಕ್ಷೆಯನ್ನು ನಿಮ್ಮ ಓಣಿಯ ಸಭೆಗೆ ಕರೆಯಿರಿ. ಒಬ್ಬಳೇ ಹೆಂಗಸಿನಿಂದ ಆಗದ್ದು ಇಪ್ಪತ್ತು ಜನ ಹೆಂಗಸರು ಬೆನ್ನಿಗಿದ್ದರೆ ಆಗುತ್ತದೆ.

ಪೊಲೀಸ್ ಠಾಣೆ

ಜಾತಿ ಹಿಡಿದು ನಿಂದಿಸಿದರು, ನಳಕ್ಕೆ ಬಂದವರನ್ನು ತಡೆದರು, ಬಹಿಷ್ಕಾರ ಹಾಕಿದರು ಎಂದಾದರೆ ಠಾಣೆಗೆ ಹೋಗಲೇಬೇಕು. ಅಲ್ಲಿ ಮೊದಲು ಸಿಗುವುದು ‘ಊರಾಗ ಕೂಡಿ ಇರೋರು, ರಾಜಿ ಮಾಡ್ಕೊಳ್ರಿ’ ಎಂಬ ಬುದ್ಧಿವಾದ. ದೌರ್ಜನ್ಯ ತಡೆ ಕಾಯ್ದೆಯ 2018ರ ತಿದ್ದುಪಡಿಯ ಪ್ರಕಾರ ಎಫ್‌ಐಆರ್ ದಾಖಲಿಸಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ. ನೀವು ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡು, ಸಹಿಗೆ ಮುಂಚೆ ಓದಿ ಹೇಳಿ, ಪ್ರತಿಯನ್ನು ಪುಕ್ಕಟೆ ಕೊಡುವುದು ಠಾಣಾಧಿಕಾರಿಯ ಕರ್ತವ್ಯ. ಕರ್ತವ್ಯ ಮಾಡದ ಅಧಿಕಾರಿಗೆ ಅದೇ ಕಾಯ್ದೆಯ 4ನೇ ಕಲಂನಲ್ಲಿ ಆರು ತಿಂಗಳಿಂದ ಒಂದು ವರ್ಷದ ಶಿಕ್ಷೆಯಿದೆ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ತಾಲ್ಲೂಕುಗಳವರು ಎಸ್ಪಿಗೆ, ಕಲಬುರಗಿ ನಗರದವರು ಪೊಲೀಸ್ ಕಮಿಷನರಿಗೆ ಅಂಚೆಯಲ್ಲಿ ಕಳಿಸಿ. ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೂ ಒಂದು ಪ್ರತಿ ಹೋಗಲಿ. ರಾಷ್ಟ್ರೀಯ ಸಹಾಯವಾಣಿ 14566.

ದೂರು ಬರೆಯುವಾಗ ಒಂದು ಎಚ್ಚರ. ನಿಂದನೆಯ ಅಪರಾಧಕ್ಕೆ ಅದು ನಾಲ್ಕು ಜನರ ಕಣ್ಣಿಗೆ ಬೀಳುವಂತೆ ನಡೆದಿರಬೇಕು. ನಾಲ್ಕು ಗೋಡೆಯೊಳಗೆ, ಹೊರಗಿನವರು ಯಾರೂ ಇಲ್ಲದಾಗ ಬೈದದ್ದು ಈ ಕಲಂಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆದ್ದರಿಂದ ಎಲ್ಲಿ ನಿಂತು ಬೈದರು, ಯಾರು ಯಾರು ಇದ್ದರು, ಆಡಿದ ಮಾತೇನು, ಎಲ್ಲವೂ ದೂರಿನಲ್ಲಿ ಇರಲಿ. ಮಾತನ್ನು ಮೆತ್ತಗೆ ಮಾಡಿ ‘ಅವಾಚ್ಯ ಶಬ್ದಗಳಿಂದ’ ಎಂದು ಬರೆಸಬೇಡಿ, ಆಡಿದ ಶಬ್ದವೇ ಕಾಗದದ ಮೇಲೆ ಬರಬೇಕು. ಎದುರಿನವರು ಮರುದಿನವೇ ನಿಮ್ಮ ಮೇಲೊಂದು ಪ್ರತಿದೂರು ಕೊಡುವುದು ಮಾಮೂಲು. ಹಾಗಾಗಿ ಎಷ್ಟೇ ಸಿಟ್ಟು ಬಂದರೂ ನಮ್ಮ ಹುಡುಗರು ಕೈ ಎತ್ತಬಾರದು. ಓಣಿಯ ಹಿರಿಯರು ಇದನ್ನು ಅವರಿಗೆ ಮನಸ್ಸಿಗೆ ನಾಟುವಂತೆ ಹೇಳಬೇಕು.

ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸುವುದು ಆರೋಪಿ ಪರಿಶಿಷ್ಟ ಜಾತಿ, ಪಂಗಡಕ್ಕೆ ಸೇರದವನಾಗಿದ್ದರೆ ಮಾತ್ರ. ಒಂದು ದಲಿತ ಜಾತಿಯವರು ಇನ್ನೊಂದು ದಲಿತ ಜಾತಿಯವರನ್ನು ಬಾವಿಯ ಹತ್ತಿರ ಬಿಟ್ಟುಕೊಳ್ಳದ ಊರುಗಳೂ ನಮ್ಮಲ್ಲಿವೆ. ಇದನ್ನು ಮುಚ್ಚಿಟ್ಟರೆ ಹೋರಾಟಕ್ಕೇ ನಷ್ಟ. ಅಲ್ಲಿ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಕೆಲಸಕ್ಕೆ ಬರುತ್ತದೆ. ಪರಿಶಿಷ್ಟ ಜಾತಿಯವರ ವಿರುದ್ಧ ಇಂಥ ಅಪರಾಧ ನಡೆದರೆ ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆದಿದೆ ಎಂದು ನ್ಯಾಯಾಲಯ ಭಾವಿಸಬೇಕು, ಅಲ್ಲವೆಂದು ಸಾಬೀತು ಮಾಡುವ ಹೊಣೆ ಆರೋಪಿಯದು. ಶಿಕ್ಷೆ ಮಾತ್ರ ಕಡಿಮೆ, ಒಂದರಿಂದ ಆರು ತಿಂಗಳು.

ದೌರ್ಜನ್ಯ ತಡೆ ಕಾಯ್ದೆಯ ಕೇಸಿನ ತನಿಖೆಯನ್ನು ಡಿವೈಎಸ್ಪಿ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ, 60 ದಿನದಲ್ಲಿ ದೋಷಾರೋಪ ಪಟ್ಟಿ ಹೋಗಬೇಕು. ಪರಿಹಾರ ಅಪರಾಧಕ್ಕೆ ತಕ್ಕಂತೆ 85,000 ರೂಪಾಯಿಯಿಂದ 8.25 ಲಕ್ಷದವರೆಗೆ ಇದ್ದು, ಬಹಳಷ್ಟು ಪ್ರಕರಣಗಳಲ್ಲಿ ಒಂದು ಪಾಲು ಎಫ್‌ಐಆರ್ ಹಂತದಲ್ಲೇ ಸಿಗಬೇಕು. ಸಮಾಜ ಕಲ್ಯಾಣ ಇಲಾಖೆಯಲ್ಲಿ ಕೇಳಿ. ವಕೀಲರ ಖರ್ಚಿಗೆ ಹೆದರಬೇಡಿ. ಪರಿಶಿಷ್ಟರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವಿದೆ, ಸಂಖ್ಯೆ 15100.

ಕೋರ್ಟಿನ ದಾರಿ ಉದ್ದವೆಂದು ಮೊದಲೇ ತಿಳಿದಿರಿ. ನಮ್ಮ ಕಲ್ಯಾಣ ಕರ್ನಾಟಕದ್ದೇ ಆದ ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ ಕಟ್ಟಿಂಗ್ ಅಂಗಡಿ, ಹೋಟೆಲಿಗೆ ದಲಿತರನ್ನು ಬಿಟ್ಟುಕೊಳ್ಳದ ಹಿನ್ನೆಲೆಯಲ್ಲಿ 2014ರ ಆಗಸ್ಟಿನಲ್ಲಿ ಗುಡಿಸಲುಗಳಿಗೆ ಬೆಂಕಿ ಬಿತ್ತು. ಜಿಲ್ಲಾ ನ್ಯಾಯಾಲಯ 101 ಜನರನ್ನು ತಪ್ಪಿತಸ್ಥರೆಂದು ಹೇಳಿ, 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟದ್ದು 2024ರ ಅಕ್ಟೋಬರಿನಲ್ಲಿ. ಅವರು ಹೈಕೋರ್ಟಿಗೆ ಮೇಲ್ಮನವಿ ಹೋದರು. ಹತ್ತು ವರ್ಷ ಸಾಕ್ಷಿಗಳು ಕದಲದೆ ನಿಂತರಲ್ಲ, ಅದಕ್ಕೆ ತಲೆಬಾಗಬೇಕು.

ಸಾಲಿ ಮತ್ತು ಬಿಸಿಯೂಟ

2002ರಲ್ಲಿ ರಾಜ್ಯದಲ್ಲಿ ಬಿಸಿಯೂಟ ಮೊದಲು ಶುರುವಾದದ್ದು ಈಶಾನ್ಯದ ನಮ್ಮ ಜಿಲ್ಲೆಗಳಲ್ಲೇ. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಇರಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಆದೇಶಿಸಿದೆ. ದಲಿತ ಅಡುಗೆಯಾಕೆ ಬಂದ ವಾರದಿಂದ ಕೆಲವು ಮಕ್ಕಳ ಹೊಟ್ಟೆನೋವು ಶುರುವಾದರೆ, ಹಾಜರಿ ಮತ್ತು ಊಟ ಮಾಡಿದವರ ಸಂಖ್ಯೆಯ ರಿಜಿಸ್ಟರನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ) ಸದಸ್ಯರು ನೋಡಬೇಕು. ಹಾಜರಿ ಅಷ್ಟೇ ಇದ್ದು ಊಟದ ಸಂಖ್ಯೆ ಮಾತ್ರ ಇಳಿದಿದ್ದರೆ ಕಾರಣ ಹೊಟ್ಟೆಯಲ್ಲಿಲ್ಲ. ಆಗ ಆ ಅಡುಗೆಯಾಕೆಯನ್ನು ಬೇರೆ ಸಾಲಿಗೆ ಕಳಿಸಿ ‘ಸಮಸ್ಯೆ ಬಗೆಹರಿಸುವ’ ಮುಖ್ಯಗುರುಗಳನ್ನು ತಡೆಯಿರಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ ಬರೆಯಿರಿ. ಮುಖ್ಯಗುರುಗಳು ಮಕ್ಕಳ ಪಂಕ್ತಿಯಲ್ಲೇ ಕೂತು ದಿನವೂ ಆ ಊಟ ಉಂಡರೆ ಅರ್ಧ ಗುಸುಗುಸು ತಾನಾಗಿ ನಿಲ್ಲುತ್ತದೆ. ಪಾಯಿಖಾನೆ ತೊಳೆಯಲು, ಅಂಗಳ ಗುಡಿಸಲು ದಿನಾಲೂ ಯಾವ ಮಕ್ಕಳ ಹೆಸರು ಕೂಗುತ್ತಾರೆ ಎಂಬುದನ್ನೂ ನಿಮ್ಮ ಮಗುವಿನಿಂದ ಕೇಳಿ ತಿಳಿಯಿರಿ. ಮಕ್ಕಳ ಸಹಾಯವಾಣಿ 1098.

ಕಲಬುರಗಿ ನಗರದ ಬಾಡಿಗೆ ಮನೆ

‘ನೀವು ಯಾವ ಮಂದಿ?’ ಎಂಬ ಪ್ರಶ್ನೆ ಕೇಳದೆ ಬಾಡಿಗೆ ಮನೆ ಸಿಗುವುದು ನಗರದಲ್ಲೂ ಕಷ್ಟ. ನೌಕರಿಗೆ ಬಂದ ದಲಿತ ಶಿಕ್ಷಕಿಗೂ, ಮುಸ್ಲಿಂ ನರ್ಸಿಗೂ ಇದೇ ಅನುಭವ. ಯಾವುದೇ ಬಡಾವಣೆಯಲ್ಲಿ ವಾಸದ ಮನೆ ಹಿಡಿಯುವುದಕ್ಕೆ ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿ ಮಾಡುವುದು 1955ರ ಕಾಯ್ದೆಯ 4ನೇ ಕಲಂನಲ್ಲಿ ಬರುತ್ತದೆ. ಸಾಬೀತು ಮಾಡುವುದು ಮಾತ್ರ ಕಷ್ಟ, ಮುಸ್ಲಿಮರಿಗಂತೂ ಈ ಕಾಯ್ದೆಯ ಆಸರೆಯೂ ಇಲ್ಲ. ಇಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ನೌಕರರ ಸಂಘಗಳು. ಜಾತಿ ಕೇಳದೆ ಮನೆ ಕೊಡುವವರ ಪಟ್ಟಿಯನ್ನು ಅವು ಇಟ್ಟುಕೊಂಡರೆ ಹೊಸದಾಗಿ ಬಂದವರು ಬಾಗಿಲು ಬಾಗಿಲು ಅಲೆದು ಅವಮಾನ ಪಡುವುದು ತಪ್ಪುತ್ತದೆ.

ಮೇಲಿನ ಓಣಿಯವರಿಗೆ

ಬಸವಣ್ಣನ ಕಾಲದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಮಾಡಿಸಿದ್ದಕ್ಕೆ ಆ ಇಬ್ಬರು ತಂದೆಯರು ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆ ಶಿಕ್ಷೆ ಉಂಡ ಕಲ್ಯಾಣ ನಮ್ಮ ಪಕ್ಕದ ಬೀದರ ಜಿಲ್ಲೆಯಲ್ಲಿದೆ. ಬಸವ ಜಯಂತಿಯ ವೇದಿಕೆಯಲ್ಲಿ ಅದನ್ನು ನೆನೆಯುವವರು ಗ್ರಾಮಸಭೆಯಲ್ಲಿ ನೀರಿನ ಮಾತು ಬಂದಾಗ ಒಂದು ಸಲ ಎದ್ದು ನಿಂತು ‘ಅವರು ಕೇಳೋದು ಖರೇ ಅದ, ವಾಲ್ವ್ ಬದ್ಲಿ ಮಾಡ್ರಿ’ ಎನ್ನಲಿ. ದೂರಿಗೆ ಸಾಕ್ಷಿ ಬೇಕೆಂದಾಗ ಹೆಸರು ಕೊಡಲಿ. ತಮ್ಮ ಗಿರಣಿ, ಅಂಗಡಿ, ಟಂಟಂ ಬಹಿಷ್ಕಾರದ ದಿನವೂ ತೆರೆದಿರಲಿ. ದಲಿತರ ಓಣಿಗೆ ಹೋಗಿ ಊಟ ಮಾಡಿ ಫೋಟೊ ಹಾಕುವುದಕ್ಕಿಂತ ಇದು ದುಬಾರಿ ಕೆಲಸ, ಆದ್ದರಿಂದಲೇ ಕೇಳುತ್ತಿದ್ದೇನೆ.

ಅರ್ಜಿಗಳು ಎಲ್ಲೋ ನಿಂತುಬಿಟ್ಟರೆ

ದೌರ್ಜನ್ಯ ತಡೆ ಕಾಯ್ದೆಯ ನಿಯಮಗಳಂತೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಾಗೃತಿ ಮತ್ತು ಉಸ್ತುವಾರಿ ಸಮಿತಿಯಿದ್ದು, ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಉಪವಿಭಾಗ ಮಟ್ಟದಲ್ಲೂ ಸಮಿತಿ ಇದೆ. ನಮ್ಮ ಜಿಲ್ಲೆಯಲ್ಲಿ ಕಲಬುರಗಿ ಮತ್ತು ಸೇಡಂ ಎರಡು ಉಪವಿಭಾಗಗಳು. ಕಳೆದ ಎರಡು ವರ್ಷದ ಸಭೆಗಳ ನಡಾವಳಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಸಭೆಯೇ ನಡೆದಿಲ್ಲವೆಂಬ ಉತ್ತರ ಬಂದರೆ ಆ ಉತ್ತರವೇ ನಿಮ್ಮ ಮುಂದಿನ ಅರ್ಜಿಗೆ ಹಚ್ಚುವ ದಾಖಲೆ. ನಡೆದಿದ್ದರೆ ನಿಮ್ಮ ಊರಿನ ಪ್ರಕರಣದ ಮುಂದೆ ಏನು ಬರೆದಿದ್ದಾರೆ ನೋಡಿ, ಸಮಿತಿಯ ಅಧಿಕಾರೇತರ ಸದಸ್ಯರ ಹೆಸರು ಅದರಲ್ಲೇ ಇರುತ್ತದೆ. ಮುಂದಿನ ಸಭೆಗೆ ಮುಂಚೆ ನೀರಿನ ವಹಿ, ಅರ್ಜಿಯ ಸ್ವೀಕೃತಿ, ನಡಾವಳಿಯ ನಕಲು ಹಿಡಿದುಕೊಂಡು ಅವರನ್ನು ಹೋಗಿ ಕಾಣಿ, ಓಣಿಯ ನಾಲ್ಕೈದು ಜನ ಕೂಡಿಯೇ ಹೋಗಿ.